ಸುಣ್ಣದ ತಿಳಿ

ನಕಾಶೆಯ ಮೇಲೆ ಆದೋನಿಯಿಂದ ನೇರ ಗೆರೆ ಎಳೆದರೆ ಮೂಡಲಿಗೆ ಒಂಗೋಲಿನ ಕಡಲು, ಪಡುವಲಿಗೆ ಅಂಕೋಲೆಯ ಕಡಲು, ಎರಡೂ 300 ಕಿಲೋಮೀಟರಿಗೆ ಮೇಲೆ. ಹತ್ತಿ, ಶೇಂಗಾ ವ್ಯಾಪಾರದ ಈ ಊರಿನಲ್ಲಿ, ಹಿಂಡಿ ಹಾಕಿದ ಬಟ್ಟೆ ನೋಡನೋಡುತ್ತಲೇ ಗರಿಗರಿಯಾಗುವ ಒಣಗಾಳಿಯಲ್ಲಿ, ನಾನು ನಡುಮನೆಯೊಳಗೆ 100 ಲೀಟರು ಕಡಲು ಸಾಕುತ್ತಿದ್ದೇನೆ. ಉಪ್ಪುನೀರಿನ ತೊಟ್ಟಿಗೆ ನಮ್ಮಂಥ ಊರು ತಕ್ಕದ್ದಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ತೊಟ್ಟಿಯ ಬಲು ನಾಜೂಕಾದ ಲೆಕ್ಕ, ಅಂದರೆ ಕ್ಯಾಲ್ಸಿಯಂ ಮತ್ತು ಕ್ಷಾರತೆಯ ಸರಿತೂಕ, ಕರಾವಳಿಗಿಂತ ನಮ್ಮ ಒಣ ಹವೆಯಲ್ಲೇ ಸಲೀಸಾಗಿ ಕೂಡಿಬರುತ್ತದೆ.

ನನ್ನ ತೊಟ್ಟಿಯಲ್ಲಿ ಗಟ್ಟಿ ಹವಳ ಇಲ್ಲ. ಬಂಡೆ ಕಟ್ಟುವ ಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಸೇರಿಸಿದ್ದು ಸರಿಯಾಯಿತು. ಮುರ್ಡೇಶ್ವರದಾಚೆ ನೇತ್ರಾಣಿಯ ಸುತ್ತ ಇರುವ ಹವಳ ಅಲ್ಲಿಯೇ ಇರಲಿ. ನನಗೆ ಸುಣ್ಣ ಕಟ್ಟುವ ಪಾಚಿಗಳೇ ಸಾಕು. ಒಂದು, ಕಲ್ಲಿನ ಮೇಲೆ ನಸುಗೆಂಪು ಹೆಪ್ಪಿನ ಹಾಗೆ ಹಬ್ಬುವ ಕೊರಲೈನ್. ಇನ್ನೊಂದು ಹ್ಯಾಲಿಮೆಡಾ. ಬೆಂಗಳೂರಿನ ಹವ್ಯಾಸಿ ಗೆಳೆಯರೊಬ್ಬರು ತಮ್ಮ ತೊಟ್ಟಿಯಿಂದ ಕಿತ್ತುಕೊಟ್ಟ ಒಂದು ಟೊಂಗೆಯಿಂದ ಬೆಳೆದದ್ದು. ನಮ್ಮ ಹೊಲದ ಬದುವಿನ ಪಾಪಾಸುಕಳ್ಳಿಯನ್ನು ಬೆರಳುದ್ದಕ್ಕೆ ಇಳಿಸಿದಂತೆ ಕಾಣುತ್ತದೆ: ಬಿಲ್ಲೆಯ ಮೇಲೆ ಬಿಲ್ಲೆ, ಅದರ ಮೇಲೆ ಇನ್ನೊಂದು ಬಿಲ್ಲೆ.

ಹ್ಯಾಲಿಮೆಡಾದ ಹೊಸ ಬಿಲ್ಲೆ ಹುಟ್ಟುವುದು ರಾತ್ರಿ ಹೊತ್ತು. ತೊಟ್ಟಿಯ ದೀಪ ಹತ್ತುವ ಮೊದಲೇ ಎದ್ದು ಟಾರ್ಚು ಹಿಡಿದರೆ ತುದಿಯಲ್ಲಿ ಬೆಳ್ಳನೆಯ ಚಿಗುರು ಕಾಣುತ್ತದೆ. ಎಳ್ಳಷ್ಟೂ ಹಸಿರಿರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕೆಳಗಿನ ಬಿಲ್ಲೆಗಳಿಂದ ಹಸಿರು ಮೇಲಕ್ಕೆ ಸಾಗಿ ಬಂದು ತುಂಬಿಕೊಳ್ಳುತ್ತದೆ. ಸುಣ್ಣ ಕೂರುವುದು ಆಮೇಲೆ. ಎಳೆಯ ಬಿಲ್ಲೆ ಬೆರಳಿಗೆ ಬಾಗುತ್ತದೆ, ಬಲಿತದ್ದು ಕಟಕ್ಕೆಂದು ಮುರಿಯುತ್ತದೆ. ಹವಳದ್ವೀಪಗಳ ಬಿಳಿ ಮರಳಿನಲ್ಲಿ ಇಂಥ ಸತ್ತ ಬಿಲ್ಲೆಗಳ ಪಾಲು ದೊಡ್ಡದು. ಒಂದು ಪಾಚಿ ನೀರಿನಿಂದ ಕಲ್ಲು ಮಾಡುವುದನ್ನು ಮನೆಯಲ್ಲೇ ಕೂತು ದಿನವೂ ನೋಡಬಹುದಲ್ಲ, ನನ್ನನ್ನು ಹಿಡಿದಿಟ್ಟಿರುವುದು ಅದೇ.

ಕಲ್ಲು ಮಾಡಲು ಎರಡು ಸರಕು ಬೇಕು. ಕ್ಯಾಲ್ಸಿಯಂ ಒಂದು, ಕಾರ್ಬೊನೇಟ್ ಒಂದು. ಕಾರ್ಬೊನೇಟಿನ ಲೆಕ್ಕ ಹಿಡಿಯುವುದು ಕ್ಷಾರತೆಯಿಂದ, ಕೆಎಚ್ ಡಿಗ್ರಿಯಲ್ಲಿ. ಕಡಲಿನ ಒಂದು ಲೀಟರು ನೀರಿನಲ್ಲಿ ಹೆಚ್ಚುಕಡಿಮೆ 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಕ್ಷಾರತೆ 7 ಡಿಗ್ರಿ. ಪಾಚಿ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಎತ್ತಿಕೊಂಡರೆ ಅದರ ಜೊತೆ 2.8 ಡಿಗ್ರಿ ಕ್ಷಾರತೆಯೂ ಹೋಗುತ್ತದೆ. ಈ ಪ್ರಮಾಣ ತಪ್ಪುವುದಿಲ್ಲ. ಈಗ ನೋಡಿ: 420 ಇದ್ದದ್ದು 400 ಆದರೆ ಯಾರಿಗೂ ಗೊತ್ತಾಗದು. ಆದರೆ ತೊಟ್ಟಿಯಲ್ಲಿ 8 ಇದ್ದ ಕ್ಷಾರತೆ 5.2ಕ್ಕೆ ಬಂದರೆ ಬೆಳವಣಿಗೆಯೇ ನಿಂತೀತು. ಕ್ಯಾಲ್ಸಿಯಂನ ಕಣಜ ದೊಡ್ಡದು, ಕ್ಷಾರತೆಯ ಗಂಟು ಸಣ್ಣದು. ಹೊಸಬರು ಕ್ಯಾಲ್ಸಿಯಂ ಎಷ್ಟು, ಎಷ್ಟು ಎಂದು ಕೇಳುತ್ತಿರುತ್ತಾರೆ. ತೊಟ್ಟಿಯ ಹಸಿವು ಮೊದಲು ತಿಳಿಯುವುದು ಕ್ಷಾರತೆಯಲ್ಲಿ.

ಅದನ್ನು ಅಳೆಯುವ ಕೆಲಸ ನನಗೆ ಬಹಳ ಇಷ್ಟ. ಗಾಜಿನ ಕೊಳವೆಯಲ್ಲಿ 5 ಮಿಲಿಲೀಟರು ನೀರು, ಅದಕ್ಕೆ ದ್ರಾವಣದ ಮೊದಲ ಹನಿ. ನೀರು ನೀಲಿಯಾಗುತ್ತದೆ. ಮುಚ್ಚಿ ಅಲುಗಿಸಿ ಇನ್ನೊಂದು ಹನಿ, ಮತ್ತೊಂದು. ಒಂದು ಹನಿಗೆ ಒಂದು ಡಿಗ್ರಿ. ಏಳರವರೆಗೆ ನೀಲಿ ನೀಲಿಯೇ. ಎಂಟನೆಯದು ಬಿದ್ದಲ್ಲಿ ಹಳದಿಯ ಎಳೆಯೊಂದು ಸುರುಳಿ ಬಿಚ್ಚಿ, ಅಲುಗಿಸಿದೊಡನೆ ಕೊಳವೆಯೆಲ್ಲ ಹಳದಿ. ಹಳದಿಗೆ ಹೊರಳಿದ ಆ ಹನಿಯೇ ಉತ್ತರ.

ಸುಣ್ಣ ಬೇಕೆಂದರೆ ನಮ್ಮ ಬೋರಿನ ನೀರಿನಲ್ಲಿ ಇಲ್ಲವೇ ಎಂದು ಕೇಳಬಹುದು. ಬೇಕಾದಷ್ಟಿದೆ. ನೀರು ಕಾಯಿಸುವ ಹಂಡೆಯ ಒಳಗೆ ಚಕ್ಕೆಗಟ್ಟುವ ಬಿಳಿ ಪದರವೂ ಹ್ಯಾಲಿಮೆಡಾದ ಬಿಲ್ಲೆಯೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಆದರೆ ಬೋರಿನ ನೀರಿನಲ್ಲಿ ಸುಣ್ಣದ ಜೊತೆ ನೈಟ್ರೇಟು, ಫ್ಲೋರೈಡು, ಇನ್ನೂ ಏನೇನೋ ಬಂದಾವು, ಅದೂ ತಿಂಗಳಿಗೊಂದು ಪ್ರಮಾಣದಲ್ಲಿ. ಆದ್ದರಿಂದ ಆರ್‌ಒ ಹಾಕಿ ಎಲ್ಲವನ್ನೂ ತೆಗೆದು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಿ, ಕಡಲನ್ನು ಮೊದಲಿನಿಂದ ಕಟ್ಟಬೇಕು. ಸುಣ್ಣದ ಮಾತು ಬಂದದ್ದರಿಂದ ಹೇಳುತ್ತೇನೆ, ಆದೋನಿಯ ಕೋಟೆಗುಡ್ಡ ಕಗ್ಗಲ್ಲು. ಸುಣ್ಣಕಲ್ಲು ಬೇಕಾದರೆ ಮೂಡಣಕ್ಕೆ, 2022ರಲ್ಲಿ ನಂದ್ಯಾಲ ಜಿಲ್ಲೆಗೆ ಹೋದ ಬೇತಂಚೆರ್ಲ, ಕೊಲಿಮಿಗುಂಡ್ಲದ ಕಡೆಗೆ ಹೋಗಬೇಕು. ಬೇಲಂ ಗವಿಗಳು ಇರುವುದೂ ಆ ಕಲ್ಲಿನಲ್ಲೇ. ಪ್ರಾಣಿಗಳು ಹುಟ್ಟುವುದಕ್ಕೂ ಮುಂಚಿನ ಯಾವುದೋ ಕಡಲಿನ ತಳದಲ್ಲಿ ಕೂತ ಸುಣ್ಣ ಅದು. ನಮ್ಮ ಮನೆಯ ನೆಲಕ್ಕೆ ಹಾಸಿರುವುದೂ ಬೇತಂಚೆರ್ಲ ಕಲ್ಲೇ. ನನ್ನ ಕಡಲು ನಿಂತಿರುವುದು ಇನ್ನೊಂದು ಕಡಲಿನ ಮೇಲೆ.

ಪಾಚಿ ಎರಡು ಸರಕನ್ನೂ ಒಂದೇ ಪ್ರಮಾಣದಲ್ಲಿ ಉಣ್ಣುತ್ತದೆ ಎಂದಮೇಲೆ ಅದೇ ಪ್ರಮಾಣದಲ್ಲಿ ಬಡಿಸುವ ವಸ್ತು ಸಿಕ್ಕರೆ ಅರ್ಧ ಚಿಂತೆ ಹೋಯಿತು. ಆ ವಸ್ತು ಸುಣ್ಣದ ತಿಳಿ. ಅದನ್ನು ಉಪ್ಪುನೀರಿನ ತೊಟ್ಟಿಗೆ ಹನಿಸುವ ಪದ್ಧತಿಯನ್ನು 1970ರ ದಶಕದಲ್ಲಿ ಯುರೋಪಿನಲ್ಲಿ ಹಬ್ಬಿಸಿದವರು ಪೀಟರ್ ವಿಲ್ಕೆನ್ಸ್. ನಮ್ಮ ಮನೆಯಲ್ಲಿ ತಿಳಿಯ ಗುಣ ಅವ್ವನಿಗೆ ಚೆನ್ನಾಗಿ ಗೊತ್ತು. ಎಲೆಅಡಿಕೆಯ ಸುಣ್ಣವನ್ನು ಅರಳಿಸಿ, ಗಡಿಗೆಯಲ್ಲಿ ಅದರ ಮೇಲೆ ಸದಾ ನೀರು ನಿಲ್ಲಿಸಿಡುತ್ತಿದ್ದಳು. ನೀರು ಬತ್ತಿ ಗಾಳಿ ತಾಗಿದರೆ ಸುಣ್ಣದ ಖಾರ ಹೋಗುತ್ತದೆ ಎನ್ನುತ್ತಿದ್ದಳು. ನಿಜ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿದ ಸುಣ್ಣ ಮತ್ತೆ ಕಲ್ಲಾಗುತ್ತದೆ. ತಿಳಿಯ ಮೇಲೆ ಕಟ್ಟುವ ತೆಳ್ಳನೆಯ ಕೆನೆ ಅದೇ. ಅದಕ್ಕಾಗಿ ನನ್ನ ಕ್ಯಾನಿಗೂ ಬಿಗಿ ಮುಚ್ಚಳ. ಆದರೆ ಪಾನ್‌ಬೀಡಾ ಅಂಗಡಿಯ ಸುಣ್ಣ ತೊಟ್ಟಿಗೆ ಆಗದು. ಪ್ರಯೋಗಾಲಯಕ್ಕೆ ಮಾರುವ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು. ಲೀಟರು ನೀರಿಗೆ ಸುಮಾರು 1.7 ಗ್ರಾಂ ಕರಗುತ್ತದೆ, ಮಿಕ್ಕದ್ದು ತಳಕ್ಕೆ. ನೀರು ಬಿಸಿಯಾದಷ್ಟೂ ಇದು ಕರಗುವುದು ಕಡಿಮೆ, ಸಕ್ಕರೆ ಉಪ್ಪುಗಳ ಹಾಗಲ್ಲ. ಹಾಗಾಗಿ ಬೇಸಿಗೆಯಲ್ಲಿ ಕ್ಯಾನನ್ನು ತಂಪಿರುವ ಕಡೆ ಇಡುತ್ತೇನೆ. ಕಲಸುವಾಗ ಕನ್ನಡಕ, ಕೈಗವಸು ಬಿಡಬಾರದು. ತಿಳಿಯ ಪಿಎಚ್ 12 ದಾಟುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ.

ಒಣಗಾಳಿ ಕೈಹಿಡಿಯುವುದು ಇಲ್ಲಿ. ತಿಳಿಯನ್ನು ಮನಸ್ಸಿಗೆ ಬಂದಷ್ಟು ಸುರಿಯಲಾಗದು. ತೊಟ್ಟಿಯಿಂದ ಎಷ್ಟು ನೀರು ಆವಿಯಾಗುತ್ತದೋ ಅಷ್ಟನ್ನೇ ಸೇರಿಸಬಹುದು, ಹೆಚ್ಚಾದರೆ ಉಪ್ಪು ತೆಳುವಾಗುತ್ತದೆ. ಕರಾವಳಿಯ ಹವ್ಯಾಸಿಗೆ ಇದೇ ತೊಡಕು. ಗಾಳಿ ತೇವ, ನೀರು ಆರುವುದಿಲ್ಲ, ಸುಣ್ಣ ಕೊಡಲು ಜಾಗವೇ ಇರುವುದಿಲ್ಲ. ನನಗೆ ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ಮೇಲೆ ಪುಟ್ಟ ಫ್ಯಾನು ತಿರುಗಿಸಿದರೆ ದಿನಕ್ಕೆ ಎರಡು ಲೀಟರಿನ ಮೇಲೆ ಆರುತ್ತದೆ. ಆ ಆರುವಿಕೆಯಿಂದಲೇ ತೊಟ್ಟಿ ತಂಪಾಗುತ್ತದೆ, ಹೊರಗೆ 40 ಡಿಗ್ರಿ ಇದ್ದರೂ. ಒಂದು ಲೀಟರು ಗಟ್ಟಿ ತಿಳಿ ನನ್ನ ತೊಟ್ಟಿಯ ಕ್ಷಾರತೆಯನ್ನು ಸುಮಾರು 1.3 ಡಿಗ್ರಿ, ಕ್ಯಾಲ್ಸಿಯಂ ಅನ್ನು ಲೀಟರಿಗೆ 9 ಮಿಲಿಗ್ರಾಂ ಏರಿಸುತ್ತದೆ. ಪಾಚಿಗಳು ಉಣ್ಣುವುದು ದಿನಕ್ಕೆ ಒಂದು ಡಿಗ್ರಿ. ಮುಕ್ಕಾಲು ಲೀಟರು ತಿಳಿಗೆ ಒಂದೂವರೆ ಲೀಟರು ಬರೀ ನೀರು ಬೆರೆಸಿ ತೆಳ್ಳಗೆ ಮಾಡಿ ಕೊಟ್ಟರೆ ಆಯಿತು. ತೆಳ್ಳಗಿರುವುದರಿಂದ ಪಿಎಚ್ ಹಾರುವುದಿಲ್ಲ, ನೀರು ಹಾಲಿನಂತೆ ಬೆಳ್ಳಗಾಗಿ ಸುಣ್ಣವೆಲ್ಲ ಕಲ್ಲಿನ ಮೇಲೆ, ಪಂಪಿನ ಮೇಲೆ ಕೂರುವ ಭಯವಿಲ್ಲ. ಮೆಗ್ನೀಷಿಯಂ ಲೀಟರಿಗೆ 1,300 ಮಿಲಿಗ್ರಾಂ ಆಸುಪಾಸು ಇರುವಂತೆ ನೋಡಿಕೊಂಡರೆ ಅದೂ ಸುಣ್ಣದ ಹರಳು ತಾನಾಗಿ ಬೆಳೆಯದಂತೆ ತಡೆಯುತ್ತದೆ.

ಹನಿಸಲು ಔಷಧದಂಗಡಿಯ ಸಲೈನ್ ಸೆಟ್ಟು ಸಾಕು. ಕ್ಯಾನನ್ನು ಕಪಾಟಿನ ಮೇಲಿಟ್ಟು, ಕೊಳವೆಯ ಬಾಯಿ ತಳದ ಸುಣ್ಣಕ್ಕೆ ತಾಗದಂತೆ ಇಳಿಬಿಟ್ಟು, ಚಕ್ರ ತಿರುವಿ ಸೆಕೆಂಡಿಗೊಂದು ಹನಿಗೆ ತಂದರೆ ಬೆಳಗಾಗುವುದರೊಳಗೆ ಕ್ಯಾನು ಖಾಲಿ. ಹನಿಸುವುದು ರಾತ್ರಿಯೇ. ದೀಪ ಆರಿದ ಮೇಲೆ ತೊಟ್ಟಿಯ ಜೀವಗಳ ಉಸಿರಿನಿಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿಯುತ್ತದೆ. ಸುಣ್ಣದ ತಿಳಿ ಆ ಡೈಆಕ್ಸೈಡನ್ನೇ ಹಿಡಿದು ಬೈಕಾರ್ಬೊನೇಟ್ ಮಾಡುತ್ತದೆ. ಬೆಳಿಗ್ಗೆ ಅವ್ವ ಕೇಳುತ್ತಾಳೆ, "ಏನಪ್ಪಾ, ರಾತ್ರಿ ಎಷ್ಟು ಕುಡೀತು?" ಅವಳಿಗೆ ಲೆಕ್ಕ ಸರಿಯಾಗಿ ಹೇಳಲೇಬೇಕು.

ಹುಬ್ಬಿ, ಉತ್ತರಿ ಮಳೆ ಹಿಡಿದು ವಾರಗಟ್ಟಲೆ ಮೋಡ ಕವಿದಾಗ ಆದೋನಿಯಲ್ಲೂ ನೀರು ಅರ್ಧ ಲೀಟರಿನ ಮೇಲೆ ಆರುವುದಿಲ್ಲ. ಗಟ್ಟಿ ತಿಳಿಯನ್ನೇ ಕೊಟ್ಟರೂ ಪಾಚಿಗೆ ಸಾಲದು. ಆ ದಿನಗಳಿಗೆಂದು ಎರಡು ಬಾಟಲಿ ಬೇರೆ ಇಟ್ಟಿದ್ದೇನೆ, ಒಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಅಡಿಗೆ ಸೋಡಾ ಕರಗಿಸಿದ ನೀರು. ಒಂದನ್ನು ಬೆಳಿಗ್ಗೆ ಹಾಕಿದರೆ ಇನ್ನೊಂದನ್ನು ಸಂಜೆ, ಪಂಪಿನ ಸೆಳವು ಜೋರಾಗಿರುವ ಕಡೆ. ಇದರಲ್ಲಿ ಎರಡು ಸರಕಿನ ಪ್ರಮಾಣ ನಾನೇ ಕೂಡಿಸಬೇಕು, ಹಾಗಾಗಿ ಆ ವಾರಗಳಲ್ಲಿ ಹನಿ ಎಣಿಸುವುದು ದಿನಾಲೂ ನಡೆಯುತ್ತದೆ. ಮಳೆ ಹೊರಪಾಗಿ ಫ್ಯಾನು ಮತ್ತೆ ನೀರು ಆರಿಸಲು ತೊಡಗಿದ ದಿನ ಬಾಟಲಿಗಳು ಕಪಾಟಿಗೆ, ಸಲೈನ್ ಸೆಟ್ಟು ಕ್ಯಾನಿಗೆ.