ಅಟ್ಟಳಿಗೆಯ ಮೇಲೆ ಕೇಳಿದ ಪ್ರಶ್ನೆಯನ್ನೇ ಬರೆ

ವೇಣೂರು

ಪ್ರೀತಿಯ ತಂಗೀ,

ಬ್ರಿಟನ್ನಿನಲ್ಲಿ ಓದಲು ಕೊಡುವ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ನೀನು ಬರೆದು ಕಳಿಸಿದ ಅರ್ಜಿಯ ಕರಡನ್ನು ನಿನ್ನೆ ರಾತ್ರಿ ಕೂತು ಓದಿದೆ. ಭಾಷೆಯಲ್ಲಿ ಒಂದು ತಪ್ಪಿಲ್ಲ. ಆದರೆ ಓದಿ ಮುಗಿಸಿದಾಗ ನನ್ನ ತಂಗಿ ಎಲ್ಲೂ ಸಿಗಲಿಲ್ಲ. ಜಾಗತಿಕ ಅನುಭವ, ಸಮಾಜಕ್ಕೆ ಕೊಡುಗೆ, ಹೊಸ ಸಾಧ್ಯತೆಗಳು ಎಂದೆಲ್ಲ ಬರೆದಿದ್ದೀಯ. ಇಷ್ಟನ್ನು ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗರೂ ಬರೆಯುತ್ತಾರೆ. ನೀನು ಹಳೇ ಕಟ್ಟಡಗಳ ಗೋಡೆ ತಟ್ಟಿ, ಬಿರುಕು ಅಳೆದು, ಗಾರೆಯನ್ನು ಬೆರಳಲ್ಲಿ ಉದುರಿಸಿ ನೋಡುತ್ತಾ ಇಷ್ಟು ವರ್ಷ ದುಡಿದವಳು. ಅದೆಲ್ಲ ಯಾಕೆ ಒಂದೇ ಸಾಲಿನಲ್ಲಿ ಮುಗಿದುಹೋಯಿತು?

2024ರ ಫೆಬ್ರವರಿಯಲ್ಲಿ ನಮ್ಮೂರ ಬಾಹುಬಲಿಯ ಮಸ್ತಕಾಭಿಷೇಕಕ್ಕೆ ಬಂದಿದ್ದೆಯಲ್ಲ, ಆ ದಿನ ನೆನಪಿದೆಯೇ? ಎಲ್ಲರೂ ಕಲಶ ಏರುವುದನ್ನು ನೋಡುತ್ತಿದ್ದರೆ ನಿನ್ನ ಕಣ್ಣು ಮೂರ್ತಿಯ ಭುಜದ ಹಿಂದೆ ಇತ್ತು. ಎಳನೀರು, ಕಬ್ಬಿನ ರಸ, ಹಾಲು, ಅಕ್ಕಿಹಿಟ್ಟು, ಅರಿಶಿನ, ಕಷಾಯ, ಚಂದನ ಒಂದರ ಮೇಲೊಂದು ಇಳಿದುಬರುವಾಗ ಯಾವುದು ಎಲ್ಲಿ ಹರಿಯುತ್ತದೆ, ಮೈಗೆ ಸುತ್ತಿದ ಬಳ್ಳಿಯ ಕೆತ್ತನೆಯ ಸಂದಿಯಲ್ಲಿ ಯಾವುದು ನಿಲ್ಲುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳುತ್ತಾ ಹೋದೆ. ಉಳಿದ ಹಾಲು, ಹಿಟ್ಟು ಪಾಚಿಗೆ ಆಹಾರವಾಗುವುದಿಲ್ಲವೇ ಅಂದೆ. ಜೂನ್‌ನಿಂದ ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ನಮ್ಮ ಮಳೆಗೆ ಬಯಲಲ್ಲಿ ನಿಂತ ಕಲ್ಲು ಅದು. ಆಮೇಲೆ ಅಟ್ಟಳಿಗೆಯಿಂದ ಕೆಳಗಿಳಿಯುವ ಮೊದಲು ನೀನು ಕೇಳಿದ್ದು: ‘ಪೂಜೆ ನಿಲ್ಲಬಾರದು, ಕಲ್ಲೂ ಸವೆಯಬಾರದು, ಇದಕ್ಕೆ ದಾರಿ ಏನಕ್ಕಾ?’

ಅದನ್ನೇ ಬರೆ. ನಿನ್ನ ಅರ್ಜಿಗೆ ಬೇಕಾದದ್ದು ಆ ಒಂದು ಪ್ರಶ್ನೆ.

ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ 35 ಅಡಿಯ ಏಕಶಿಲೆ ನಮ್ಮೂರಿನದು. ಕಾರ್ಕಳದ್ದು 1432ರದ್ದು. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ ಪಡೆಯುವ ಇಂಥ ವಿಗ್ರಹಗಳನ್ನು ವಸ್ತುಸಂಗ್ರಹಾಲಯದ ಗಾಜಿನೊಳಗಿನ ಶಿಲ್ಪದ ಹಾಗೆ ನೋಡಿಕೊಳ್ಳಲು ಬರುವುದಿಲ್ಲ. ‘ಬ್ರಿಟನ್ನಿನಲ್ಲೇ ಯಾಕೆ ಓದಬೇಕು’ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ನೀನು ಮೊದಲ ಆಯ್ಕೆ ಮಾಡಿಕೊಂಡ ಯಾರ್ಕ್‌ನಲ್ಲಿ ಮಿನ್‌ಸ್ಟರ್ ಇದೆ. ಶತಮಾನಗಳ ಹಳೆಯ ಚರ್ಚು, ಈಗಲೂ ದಿನಾ ಪ್ರಾರ್ಥನೆ ನಡೆಯುತ್ತದೆ, ಅದಕ್ಕೆಂದೇ ಕಲ್ಲುಕುಟಿಗರ ಕಾರ್ಯಾಗಾರವೂ ಇದೆ. ಪ್ರಾರ್ಥನೆ ನಡೆಯುತ್ತಿರುವಾಗಲೇ ಕಲ್ಲನ್ನು ಕಾಯುವುದು ಅವರಿಗೆ ನಿತ್ಯದ ಕೆಲಸ. ಅವರದು ಸುಣ್ಣದ ಕಲ್ಲು, ನಮ್ಮದರ ಗುಣವೇ ಬೇರೆ. ಆದರೆ ಪೂಜೆ ಮಾಡುವವರನ್ನೂ ಎಂಜಿನಿಯರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಮಾತಾಡುವ ಕ್ರಮವನ್ನು ಅಲ್ಲಿ ಕಲಿತು ಬಾ. ನಮ್ಮಲ್ಲಿ ಕೊರತೆ ಇರುವುದು ಅದರದ್ದೇ ಎಂದು ನನ್ನ ಅನಿಸಿಕೆ.

‘ನಲವತ್ತು ದಾಟಿತು, ಈಗ ಯಾಕೆ’ ಎಂದು ಫೋನಿನಲ್ಲಿ ಅಂದೆಯಲ್ಲ, ಆ ಮಾತು ನನಗೆ ಹಿಡಿಸಲಿಲ್ಲ. ಚೀವ್ನಿಂಗ್‌ನವರು ವಯಸ್ಸಿನ ಮೇಲ್ಮಿತಿ ಇಟ್ಟಿಲ್ಲ. ಇಟ್ಟಿರುವುದು ಕೆಲಸದ ಕೆಳಮಿತಿ: ಕನಿಷ್ಠ ಎರಡು ವರ್ಷದ ಅನುಭವ, ಅವರ ಲೆಕ್ಕದಲ್ಲಿ 2,800 ಗಂಟೆ. ನಿನ್ನ ಹತ್ತಿರ ಅದರ ಎಷ್ಟು ಪಟ್ಟು ಇದೆ! ಸಾಹಿತಿ ಯು.ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋದಾಗ ಆಗಲೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು. ಹೋದದ್ದು ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್‌.ಡಿ. ಮಾಡಲು, ಆದರೆ ‘ಸಂಸ್ಕಾರ’ ಕಾದಂಬರಿ ಹುಟ್ಟಿದ್ದೂ ಅಲ್ಲೇ. ಮಲೆನಾಡಿನ ಅಗ್ರಹಾರ ಅವರ ಜೊತೆಗೇ ಹೋಗಿತ್ತು. ಬದುಕನ್ನು ಅಷ್ಟು ಕಂಡು ಹೋದದ್ದರಿಂದಲೇ ಅದು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ. ನಿನಗೂ ವೇಣೂರು ಅಲ್ಲಿ ಹೊಸದಾಗಿ ಕಂಡೀತು.

ಮನೆಯ ಚಿಂತೆ ನಿಜವಾದದ್ದು. ಶುಲ್ಕ, ವಿಮಾನದ ಖರ್ಚು, ತಿಂಗಳ ಭತ್ಯೆ ಅವರು ಕೊಡುತ್ತಾರೆ, ಮನೆಮಂದಿಯನ್ನು ಕರೆದೊಯ್ಯಲು ಕೊಡುವುದಿಲ್ಲ. ಮಗಳನ್ನು ಇಲ್ಲಿ ಬಿಡು. ಪಿಯುಸಿಗೆ ಮೂಡುಬಿದಿರೆಗೆ ಹೋಗಿಬರಲಿ, ಬಸ್ಸಿದೆ, ಸಂಜೆ ನಾನಿರುತ್ತೇನೆ. ಅಮ್ಮನ ಮಾತ್ರೆ, ಡಾಕ್ಟರು ನನ್ನ ಪಾಲಿಗಿರಲಿ. ನಿನ್ನ ಯಜಮಾನರ ಹತ್ತಿರ ನಾನೇ ಮಾತಾಡಿದ್ದೇನೆ. ‘ಹೋಗಲಿ ಅತ್ತಿಗೆ, ಒಂದು ವರ್ಷ ತಾನೇ’ ಅಂದರು. ಸಂಬಳವಿಲ್ಲದ ರಜೆಯ ಮಾತನ್ನು ಮಾತ್ರ ಈಗಲೇ ಆಫೀಸಿನಲ್ಲಿ ಎತ್ತು, ಆಯ್ಕೆಯಾದ ಮೇಲೆ ಎಂದು ಕಾಯಬೇಡ. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು ಎಂಬ ಷರತ್ತಿಗೆ ನೀನು ಹೆದರಬೇಕಾಗಿಲ್ಲ, ಮರಳಿ ಬಂದು ಮಾಡುವ ಕೆಲಸಕ್ಕೇ ಅಲ್ಲವೇ ನೀನು ಹೋಗುವುದು? ಮುಂದಿನ ಮಸ್ತಕಾಭಿಷೇಕ 2036ಕ್ಕೆ. ‘ವೃತ್ತಿಯ ಯೋಜನೆ’ ಎಂಬಲ್ಲಿ ಆ ಇಸವಿಯನ್ನು ಬರೆ. ಅಷ್ಟರೊಳಗೆ ಬಸದಿಯವರು, ಪುರಾತತ್ವದವರು, ಅಭಿಷೇಕ ಮಾಡುವವರು ಎಲ್ಲರೂ ಒಪ್ಪುವ ಒಂದು ಕ್ರಮ ಹಾಕಿಕೊಡುತ್ತೇನೆ ಎಂದು ಬರೆ.

‘ನಾಯಕತ್ವ’ದ ಉತ್ತರದಲ್ಲಿ ಆ ಹಳೇ ಮನೆಯ ಸಂಗತಿ ಬರಲಿ. ಮಾಲೀಕರು ಕೆಡವಲು ಹೊರಟಿದ್ದಾಗ ಮೇಸ್ತ್ರಿಯನ್ನು ನಿನ್ನ ಕಡೆ ಮಾಡಿಕೊಂಡು ಮರದ ತೊಲೆ ಉಳಿಸಿದ್ದೆಯಲ್ಲ. ಅವನಿಗೆ ಯಾವ ಮಾತು ಹೇಳಿದೆ, ಅವನೇನಂದ, ಅದನ್ನೂ ಸೇರಿಸು.

ಇನ್ನೆರಡು ಕೋರ್ಸು ಯಾವುದೆಂದು ನೀನು ಬರೆದಿಲ್ಲ, ಮೂರನ್ನು ತುಂಬಲೇಬೇಕು. ಶಿಫಾರಸು ಪತ್ರಕ್ಕೆ ನಿನ್ನ ಹೆಸರನ್ನಷ್ಟೇ ಬಲ್ಲ ದೊಡ್ಡವರ ಬೆನ್ನು ಹತ್ತಬೇಡ, ನಿನ್ನ ಜೊತೆ ಸೈಟಿನಲ್ಲಿ ನಿಂತವರನ್ನು ಕೇಳು. ಹೊಸ ಕರಡನ್ನು ಭಾನುವಾರದೊಳಗೆ ಕಳಿಸಿದರೆ ಅಂದೇ ಓದಿ ಫೋನ್ ಮಾಡುತ್ತೇನೆ.

ನಿನ್ನ
ಅಕ್ಕ