ಸುಟ್ಟರೆ ಕಂಪ್ಯೂಟರಿನೊಳಗೆ ಸುಡಲಿ

"ಕರೆಂಟು ತಗುಲಿ ಸಾವು" ಎಂಬ ಸುದ್ದಿಯನ್ನು ನಾವು ಎಷ್ಟು ಸಲ ಬರೆದು ಕಳುಹಿಸಿದ್ದೇವೋ ಲೆಕ್ಕ ಇಟ್ಟಿಲ್ಲ. ಅಡಿಕೆ ಕೊಯ್ಯುವಾಗ ದೋಟಿ ತಂತಿಗೆ ತಾಗಿದ್ದು, ಒದ್ದೆ ಕೈಯಲ್ಲಿ ಪಂಪಿನ ಸ್ವಿಚ್ಚು ಮುಟ್ಟಿದ್ದು. ನಾಲ್ಕು ಸಾಲು, ಒಂದು ಪಾಸ್‌ಪೋರ್ಟ್ ಫೋಟೊ, ಅಷ್ಟೇ.

ಹಾಗಾಗಿ ಬಜಗೋಳಿಯ ವೈಂಡಿಂಗ್ ಅಂಗಡಿಯಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ, "ಟೆಸ್ಲಾ ಕಾಯಿಲ್ ಮಾಡ್ತೇನೆ, ಹಳೇ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಸಿಕ್ಕಿದೆ" ಎಂದಾಗ ನಮಗೆ ಮೊದಲು ನೆನಪಾದದ್ದು ಆ ಫೋಟೊಗಳೇ. ಆ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತದೆ. ಜೀವ ತೆಗೆಯಲು ಬೇಕಾದಷ್ಟು ಆಂಪಿಯರ್ ಕೂಡ ಅದರಲ್ಲಿ ಉಂಟು.

ಅಲ್ಲೇ ಚಹಾ ಕುಡಿಯುತ್ತಿದ್ದ ನಿವೃತ್ತ ಲೈನ್‌ಮ್ಯಾನ್ ಅಣ್ಣ ಅಂಗಿಯ ತೋಳು ಮೇಲೆ ಮಾಡಿ ಸುಟ್ಟ ಕಲೆ ತೋರಿಸಿದರು. "ಇದು 11 ಕೆವಿ ಲೈನು ಕೊಟ್ಟದ್ದು. ನನಗೆ ಇನ್ನೊಂದು ಚಾನ್ಸ್ ಸಿಕ್ಕಿತು. ಎಲ್ಲರಿಗೂ ಸಿಗುದಿಲ್ಲ ಮಾರಾಯ."

ಹುಡುಗನ ಮುಖ ಬಾಡಿತು. ಬೇಡ ಅಂದರೆ ಅವನು ಮನೆಯ ಹಿಂದೆ ಕದ್ದು ಮಾಡುತ್ತಾನೆ ಎಂದು ನಮಗೆ ಗೊತ್ತಿತ್ತು. ಆಗ ಅಂಗಡಿಯ ಅಣ್ಣನೇ ದಾರಿ ಹೇಳಿದರು. "ಮೊದಲು ಕಂಪ್ಯೂಟರಿನಲ್ಲಿ ಮಾಡು. ಅಲ್ಲಿ ಸುಟ್ಟರೆ ಯಾರಿಗೂ ಏನಾಗುದಿಲ್ಲ."

ನಿಕೋಲಾ ಟೆಸ್ಲಾ ಈ ಕಾಯಿಲ್ ಮಾಡಿದ್ದು 1891ರಲ್ಲಿ. ಎರಡು ಸುರುಳಿ. ಕೆಳಗೆ ದಪ್ಪ ತಂತಿಯ ಕೆಲವೇ ಸುತ್ತು, ಅದು ಪ್ರೈಮರಿ. ನಡುವೆ ಪೈಪಿನ ಮೇಲೆ ತೆಳು ತಂತಿಯ ಸಾವಿರದಷ್ಟು ಸುತ್ತು, ಅದು ಸೆಕೆಂಡರಿ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸಣ್ಣಗೆ ತಳ್ಳುತ್ತಾ ಹೋದರೆ ಅದು ಎತ್ತರಕ್ಕೆ ಹೋಗುತ್ತದಲ್ಲ, ಹಾಗೆಯೇ ಇದೂ. ಎರಡೂ ಸುರುಳಿಗಳ ತೂಗಾಟ ಒಂದೇ ಲಯದಲ್ಲಿದ್ದರೆ ಮೇಲ್ತುದಿಯಲ್ಲಿ ಲಕ್ಷಗಟ್ಟಲೆ ವೋಲ್ಟ್ ಏರಿ, ಗಾಳಿಯಲ್ಲೇ ಪುಟ್ಟ ಸಿಡಿಲು ಹೊಡೆಯುತ್ತದೆ. ಲಯ ತಪ್ಪಿದರೆ ಅಷ್ಟು ಏರುವುದೇ ಇಲ್ಲ.

ಆ ಲಯ ಯಾವುದು ಎಂದು ಮೊದಲೇ ಲೆಕ್ಕ ಹಾಕುವುದೇ ನಮ್ಮ ಕೆಲಸವಾಯಿತು. ಅಂಗಡಿ ಮುಚ್ಚಿದ ಮೇಲೆ ನಾಲ್ವರು ಕೂರುತ್ತಿದ್ದೆವು. ಮಾಳದ ಕಡೆಯ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಗೆಳೆಯ ಫೋನಿನಲ್ಲಿ ಐದನೆಯವ. ಐಐಟಿ ಬಾಂಬೆಯ ಫಾಸ್ಸಿ ತಂಡದ ಇ-ಸಿಮ್ ಎಂಬ ಉಚಿತ ಸಾಫ್ಟ್‌ವೇರ್ ಅನ್ನು ಲ್ಯಾಪ್‌ಟಾಪಿಗೆ ಹಾಕಿಸಿದ್ದು ಅವನೇ.

ನಮ್ಮ ಸಾಮಾನು ಇಷ್ಟು: ನಾಲ್ಕಿಂಚಿನ, ಅಂದರೆ 110 ಮಿ.ಮೀ. ಪಿವಿಸಿ ಪೈಪು. ಪಂಪಿನ ಮೋಟಾರಿಗೆ ಕಟ್ಟಲು ತಂದಿದ್ದ 27 ಗೇಜಿನ ಎನಾಮಲ್ ತಂತಿ. 45 ಸೆಂ.ಮೀ. ಎತ್ತರಕ್ಕೆ ಸಾವಿರ ಸುತ್ತು. ತಂತಿಯ ಉದ್ದ ಸುಮಾರು 347 ಮೀಟರ್, ತೂಕ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ.

ಜಗಳ ಶುರುವಾದದ್ದು ಇಲ್ಲಿ. ಹುಡುಗ ಒಂದು ವಿಡಿಯೊ ನೋಡಿ ಬಂದಿದ್ದ. ತಂತಿಯ ಉದ್ದ ರೇಡಿಯೋ ಅಲೆಯ ಉದ್ದದ ಕಾಲುಭಾಗ ಇರಬೇಕಂತೆ. ಆ ಲೆಕ್ಕಕ್ಕೆ ನಮ್ಮ ಸುರುಳಿಯ ಲಯ 216 ಕಿಲೋಹರ್ಟ್ಸ್. ಬೆಂಗಳೂರಿನ ಗೆಳೆಯ ಸುರುಳಿಯ ಇಂಡಕ್ಟನ್ಸ್ 24 ಮಿಲಿಹೆನ್ರಿ, ಅದರದೇ ಕೆಪಾಸಿಟನ್ಸ್ 8 ಪಿಕೋಫ್ಯಾರಡ್ ಎಂದು ಹಿಡಿದು ಲೆಕ್ಕ ಹಾಕಿದ. ಬಂದದ್ದು 363. ರೇಡಿಯೋದಲ್ಲಿ ಆಕಾಶವಾಣಿಯ ಜಾಗದ ಬದಲು ಬೇರೆಲ್ಲೋ ಮುಳ್ಳು ಇಟ್ಟರೆ ವಾರ್ತೆ ಕೇಳುತ್ತದೆಯೇ? ಇದೂ ಹಾಗೆಯೇ. ಎರಡರಲ್ಲಿ ಒಂದು ತಪ್ಪಿರಲೇಬೇಕು.

ಹುಡುಕುತ್ತಾ ಹೋದಾಗ ನಮ್ಮ ಜಗಳ ಹಳೆಯದೆಂದು ತಿಳಿಯಿತು. ಸುಮಾರು 2000ದ ಹೊತ್ತಿಗೆ ಬೇರೆ ಬೇರೆ ದೇಶಗಳ ಹವ್ಯಾಸಿಗಳು ಸೇರಿ ಟೆಸ್ಲಾ ಸೆಕೆಂಡರಿ ಸಿಮ್ಯುಲೇಶನ್ ಪ್ರಾಜೆಕ್ಟ್ ಎಂದು ಮಾಡಿದ್ದರು. ಒಬ್ಬರು ತಮ್ಮ ಕಾಯಿಲ್ ಅಳೆಯುವುದು, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಅದನ್ನೇ ಲೆಕ್ಕ ಹಾಕುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ನೆಟ್ಟಗೆ ಎಳೆದ ತಂತಿಯ ಲೆಕ್ಕ ಸುತ್ತಿದ ತಂತಿಗೆ ನಡೆಯುವುದಿಲ್ಲ. ಒತ್ತಾಗಿ ಕೂತ ಸುತ್ತುಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆ.

ಆದರೂ ಹುಡುಗ ಒಪ್ಪಲಿಲ್ಲ. "ಅವರು ಹೇಳಿದ್ರು ಅಂತ ನಾನ್ಯಾಕೆ ನಂಬ್ಬೇಕು?" ಅವನು ಕೇಳಿದ್ದು ಸರಿಯೇ. ನಾವು ಮೂರು ಸಂಜೆ ಕೂತು ಕೈಯಲ್ಲೇ ಸುತ್ತಿದೆವು. ಒಂದು ಸಲ ಆರುನೂರರ ಹತ್ತಿರ ಬಂದಾಗ ಕರೆಂಟು ಹೋಗಿ, ಕತ್ತಲೆಯಲ್ಲಿ ತಂತಿ ಸಡಿಲಾಗಿ, ಮತ್ತೆ ಮೊದಲಿನಿಂದ ಶುರು. ಕಾಯಿಲ್ ಅನ್ನು ಅವನ ಕಾಲೇಜಿನ ಲ್ಯಾಬಿಗೆ ಒಯ್ದು, ಸರ್ ಎದುರಿಗೆ, ಸಿಗ್ನಲ್ ಜನರೇಟರಿನಿಂದ ಬರೀ ಕೆಲವು ವೋಲ್ಟ್ ಕೊಟ್ಟು ಮೆಲ್ಲ ಮೆಲ್ಲ ತಿರುಗಿಸಿದೆವು. 216ರಲ್ಲಿ ಏನೂ ಇಲ್ಲ. 350 ದಾಟುವ ಹೊತ್ತಿಗೆ ಪರದೆಯ ಗೆರೆ ಎದ್ದು ನಿಂತಿತು. ಹುಡುಗ ಏನೂ ಮಾತಾಡಲಿಲ್ಲ. ಪುಸ್ತಕ ತೆಗೆದು ಹಳೆಯ ಲೆಕ್ಕಕ್ಕೆ ಅಡ್ಡಗೆರೆ ಹಾಕಿದ.

ಸಿಮ್ಯುಲೇಶನ್ ಎಲ್ಲವನ್ನೂ ಹೇಳುವುದಿಲ್ಲ. ನಿಮ್ಮ ಅರ್ಥಿಂಗ್ ಸರಿ ಉಂಟೋ, ಪಕ್ಕದಲ್ಲಿ ಚಿಕ್ಕ ಮಕ್ಕಳು ಓಡಾಡುತ್ತಾರೋ ಅದಕ್ಕೆ ಗೊತ್ತಿಲ್ಲ. ಆದರೆ ತಪ್ಪು ಮಾಡಿ ತಿದ್ದಿಕೊಳ್ಳಲು ಅದು ಜಾಗ ಕೊಡುತ್ತದೆ. ಕಂಬದ ಮೇಲೆ ಆ ಜಾಗ ಇರುವುದಿಲ್ಲ. ಊರಿನ ಮಕ್ಕಳಿಗೆ "ಮುಟ್ಟಬೇಡ" ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. "ಬಾ, ಮೊದಲು ಲೆಕ್ಕ ಹಾಕುವ" ಎನ್ನುವವರು ಕಡಿಮೆ.

ಆ ಓವನ್ನಿನ ಟ್ರಾನ್ಸ್‌ಫಾರ್ಮರ್ ಅನ್ನು ಲೈನ್‌ಮ್ಯಾನ್ ಅಣ್ಣ ಗುಜರಿಗೆ ಹಾಕಿದರು. ದೊಡ್ಡ ವೋಲ್ಟೇಜು ಕೊಡುವುದಿದ್ದರೆ ಲ್ಯಾಬಿನಲ್ಲಿ, ಸರ್ ಇದ್ದಾಗ ಮಾತ್ರ ಎಂದು ಹುಡುಗ ಒಪ್ಪಿದ್ದಾನೆ. ಕಾಯಿಲ್ ಹಿಡಿದುಕೊಂಡು ಅವನು ನಗುತ್ತಿರುವ ಫೋಟೊ ನಮ್ಮ ಫೋನಿನಲ್ಲಿ ಉಂಟು. ಸುದ್ದಿಗೆಂದು ತೆಗೆದದ್ದಲ್ಲ.