ಹಿಡಿದ ಬ್ರೇಕ್, ಬಿಡದ ತುಕ್ಕು

ಮಂಗಳೂರಿನ ಯಾವ ಮೊಹಲ್ಲಾದಲ್ಲಿ ನಡೆದು ಹೋದರೂ ಅಂಗಳದ ಮೂಲೆಯಲ್ಲಿ ನೀಲಿ ಟಾರ್ಪಾಲು ಹೊದ್ದು ನಿಂತ ಒಂದು ಹಳೆಯ ಕಾರು ಕಣ್ಣಿಗೆ ಬೀಳುತ್ತದೆ. ಯಜಮಾನ ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ. ಮನೆಯಲ್ಲಿ ಓಡಿಸುವವರಿಲ್ಲ, ಮಾರಲು ಮನಸ್ಸಿಲ್ಲ. ಆಪತ್ತಿಗೆ ಇರಲಿ ಎಂದು ಇಟ್ಟ ಕಾರು ಅದು. ಆಪತ್ತು ಬಂದ ರಾತ್ರಿ ಕೀಲಿ ತಿರುಗಿಸಿದರೆ ಎಂಜಿನ್ ಹೇಗೋ ಕೆಮ್ಮಿ ಎದ್ದೀತು, ಚಕ್ರ ಮಾತ್ರ ಕದಲುವುದಿಲ್ಲ.

ನಮ್ಮ ಊರಿನ ಹವೆಯೇ ಹಾಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಉಳಿದ ದಿನ ಕಡಲಿನ ಉಪ್ಪುಗಾಳಿ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಕಾರಿನಲ್ಲಿ ಹಿಂದಿನ ಚಕ್ರದ ಬ್ರೇಕ್ ಶೂ, ಎರಕದ ಕಬ್ಬಿಣದ ಡ್ರಮ್ಮಿಗೆ ಒತ್ತಿಕೊಂಡೇ ಇರುತ್ತದೆ. ನಡುವೆ ತೇವ ಸೇರಿ ತುಕ್ಕು ಹಿಡಿದರೆ ಎರಡೂ ಅಂಟಿಕೊಂಡವೆಂದೇ ಲೆಕ್ಕ.

ಉರ್ದುವಿನಲ್ಲಿ ತುಕ್ಕಿಗೆ ‘ಝಂಗ್’ ಎನ್ನುತ್ತಾರೆ, ಯುದ್ಧಕ್ಕೆ ‘ಜಂಗ್’. ಬರೆಯುವ ಅಕ್ಷರ ಬೇರೆ. ನಮ್ಮ ನಾಲಗೆಯ ಮೇಲೆ ಮಾತ್ರ ಎರಡೂ ಒಂದೇ ಆಗಿಬಿಡುತ್ತವೆ. ಬಹುಶಃ ಅದಕ್ಕೇ ಇರಬೇಕು, ತುಕ್ಕು ಕಂಡೊಡನೆ ನಮ್ಮವರು ಸುತ್ತಿಗೆ ಎತ್ತಿ ಯುದ್ಧಕ್ಕೇ ಹೊರಡುತ್ತಾರೆ.

2021ರ ಡಿಸೆಂಬರಿನಲ್ಲಿ ನಮ್ಮ ನೆರೆಯವರೊಬ್ಬರು ದಮ್ಮಾಮಿನಿಂದ ಬಂದರು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ವಿಮಾನಗಳು ನಿಂತ ಮೇಲೆ ಅವರಿಗೆ ಊರಿಗೆ ಬರಲು ಆಗಿರಲಿಲ್ಲ. ಅವರ 1998ರ ಮಾರುತಿ 800 ಎರಡು ಮಳೆಗಾಲವನ್ನು ಅಂಗಳದಲ್ಲೇ ಕಳೆದಿತ್ತು. ಮರುದಿನವೇ ಹೆಂಡತಿ, ಮೂವರು ಮಕ್ಕಳೊಂದಿಗೆ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಯ ಮದುವೆಗೆ ಹೋಗಬೇಕು. ಹೊಸ ಬ್ಯಾಟರಿ ಹಾಕಿದರು, ಎಂಜಿನ್ ಎದ್ದಿತು, ಹಿಂದಿನ ಚಕ್ರ ಕದಲಲಿಲ್ಲ. ಬೀದಿಯ ಹುಡುಗನೊಬ್ಬ ಕುಳಿತು ಗೇರ್ ಹಾಕಿ ಜೋರಾಗಿ ಆಕ್ಸಿಲರೇಟರ್ ಒತ್ತಿದ. ‘ಟಪ್’ ಎಂಬ ಸದ್ದು ಬಂತು, ಕಾರು ಮುಂದಕ್ಕೆ ಹಾರಿತು. ಎಲ್ಲರೂ ‘ಮಾಶಾ ಅಲ್ಲಾಹ್’ ಎಂದರು. ಗಾಳಿ, ಎಣ್ಣೆ ನೋಡಿಸಲೆಂದು ಕುದ್ರೋಳಿಯ ಒಂದು ಗ್ಯಾರೇಜಿಗೆ ಹೊರಟಾಗ ನಮ್ಮನ್ನೂ ಜೊತೆಗೆ ಕರೆದರು.

ಮದ್ರಸದ ಗುರುವನ್ನೂ ಗ್ಯಾರೇಜಿನ ಹಿರಿಯನನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ: ಉಸ್ತಾದ್. ಆ ಉಸ್ತಾದ್ ಎಂಜಿನಿನ ಕಡೆ ನೋಡಲೇ ಇಲ್ಲ. ನಾಲ್ಕು ಚಕ್ರಗಳ ಹತ್ತಿರವೂ ಒಂದೊಂದಾಗಿ ಅಂಗೈಯ ಹಿಂಬದಿ ಹಿಡಿದರು. ಮುಂದಿನ ಎಡಚಕ್ರದ ಬಳಿ ಕೈ ಹಿಂದಕ್ಕೆ ಬಂತು. ಅಷ್ಟು ಸಣ್ಣ ದಾರಿಗೇ ಅದು ಸುಡುತ್ತಿತ್ತು. ‘ಕೀಲಿ ಇಲ್ಲಿ ಕೊಡಿ. ನಾಳೆ ಈ ಕಾರು ಹೋಗುವುದಿಲ್ಲ’ ಎಂದರು.

ನೆರೆಯವರಿಗೆ ಸಿಟ್ಟು ಬಂತು. ‘ಚಕ್ರ ತಿರುಗುತ್ತಿದೆಯಲ್ಲ?’

‘ತಿರುಗಿಸುವುದಕ್ಕೆ ಎಂಜಿನ್ ಇದೆ. ನಿಲ್ಲಿಸುವುದಕ್ಕೆ ಏನಿದೆ ಎಂದು ಬಿಚ್ಚಿ ನೋಡೋಣ.’

ಹಿಂದಿನ ಡ್ರಮ್ ಬಿಚ್ಚಿದಾಗ ಆ ‘ಟಪ್’ ಏನೆಂದು ತಿಳಿಯಿತು. ಲೈನಿಂಗಿನ ಒಂದು ತುಂಡು ಶೂವಿನಿಂದ ಕಿತ್ತು ಒಳಗೇ ಬಿದ್ದಿತ್ತು. ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್‌ನಲ್ಲಿ ಪಿಸ್ಟನ್ ತುಕ್ಕು ಹಿಡಿದು, ಪೆಡಲ್ ಬಿಟ್ಟರೂ ಹಿಂದೆ ಸರಿಯದೆ ಡಿಸ್ಕನ್ನು ಅಮುಕಿಕೊಂಡೇ ಇತ್ತು. ಬಿಸಿ ಬಂದದ್ದು ಅಲ್ಲಿಂದ.

ಆ ಬಿಸಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಾವು ಅಂದು ಕಲಿತೆವು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದೇ ಎಣ್ಣೆಗೆ ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಹೀರಿದ ನೀರೇ ಒಳಗಿನಿಂದ ಪಿಸ್ಟನ್ನಿಗೆ ತುಕ್ಕು ಹಿಡಿಸುತ್ತದೆ, ಘಾಟಿ ಇಳಿಯುವಾಗ ಅದೇ ನೀರು ಆವಿಯಾಗುತ್ತದೆ. ಎಣ್ಣೆಯನ್ನು ಒತ್ತಿದರೆ ಅದು ಒತ್ತಡವನ್ನು ಚಕ್ರಕ್ಕೆ ದಾಟಿಸುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ ಅಷ್ಟೆ. ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಚಾರ್ಮಾಡಿಯ ತಿರುವುಗಳನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನೆರೆಯವರು ಮಾತಾಡದೆ ಬಾಡಿಗೆ ಕಾರು ಗೊತ್ತುಮಾಡಲು ಫೋನ್ ತೆಗೆದರು.

ಉಸ್ತಾದರ ಕೆಲಸವನ್ನು ನಾವು ಎರಡು ದಿನ ಹೋಗಿ ನೋಡಿದೆವು. ಜಾಕ್ ಒಂದನ್ನೇ ನಂಬದೆ ಕಾರಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟಿದ್ದರು. ಇನ್ನೊಂದು ಬದಿಯ ಡ್ರಮ್ಮೂ ಹಿಡಿದಿತ್ತು. ಅದಕ್ಕೆ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿದರು. ನಡುವಿನ ಹಬ್ಬಿನ ಅಂಚಿಗೆ ಮಾತ್ರ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅಸರ್ ನಮಾಝಿಗೆ ಹೋದರು. ಬಂದು ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರು, ಮತ್ತೆ ಎಣ್ಣೆ ಬಿಟ್ಟರು. ಲೈನಿಂಗಿಗೆ ಎಣ್ಣೆ ತಾಗಿದರೆ ಅದನ್ನು ಎಸೆಯುವುದೇ ಸೈ. ಒಳಗಿನ ಧೂಳನ್ನು ಊದಲು ಹೋದ ಹುಡುಗನನ್ನು ಗದರಿ ಒದ್ದೆ ಬಟ್ಟೆಯಲ್ಲಿ ಒರೆಸಿಸಿದರು. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದು ಪುಪ್ಪುಸಕ್ಕೆ ವಿಷ.

ಹಿಡಿದ ಪಿಸ್ಟನ್ನನ್ನು ಇಕ್ಕಳದಿಂದ ಎಳೆಯಲಿಲ್ಲ. ಎದುರಿಗೆ ಮರದ ತುಂಡು ಇಟ್ಟು, ಬ್ರೇಕ್ ಪೆಡಲನ್ನೇ ನಿಧಾನ ಒತ್ತಿಸಿ ಹೊರಗೆ ತಂದರು. ಹಿಡಿದದ್ದನ್ನು ಬಿಡಿಸಲು ಬೇಕಾದ ಬಲ ಆ ಯಂತ್ರದೊಳಗೇ ಇತ್ತು. ಗಾಳಿ ತೆಗೆಯುವ ಸಣ್ಣ ನಿಪ್ಪಲನ್ನು ಸಡಿಲಿಸುವ ಮೊದಲು ಕೂದಲೆಳೆಯಷ್ಟು ಬಿಗಿದರು. ತುಕ್ಕಿನ ಹಿಡಿತ ಮುರಿಯಲು ಅಷ್ಟು ಸಾಕು, ಅವಸರಪಟ್ಟರೆ ನಿಪ್ಪಲೇ ಮುರಿಯುತ್ತದೆ. ರಬ್ಬರ್ ಸೀಲಿಗೆ ಸೀಮೆಎಣ್ಣೆಯಾಗಲಿ ಎಂಜಿನ್ ಎಣ್ಣೆಯಾಗಲಿ ತಾಗಬಾರದು, ಅವು ರಬ್ಬರನ್ನು ಉಬ್ಬಿಸುತ್ತವೆ.

ಇಷ್ಟು ಜೋಪಾನದಿಂದ ಬಿಡಿಸಿದ ಪಿಸ್ಟನ್ನನ್ನು ಒರೆಸಿ ಬೆಳಕಿಗೆ ಹಿಡಿದರು. ಮೈತುಂಬ ಸೂಜಿಮೊನೆಯಷ್ಟು ಗುಳಿಗಳು. ಎರಡು ದಿನದ ಶ್ರಮವನ್ನು ಹಿಂದೆ ಮುಂದೆ ನೋಡದೆ ಗುಜರಿ ಡಬ್ಬಿಗೆ ಹಾಕಿದರು. ‘ಬಿಡಿಸಿದ್ದು ಕ್ಯಾಲಿಪರ್ ಉಳಿಸಲು. ಇದನ್ನು ನಂಬಲು ಅಲ್ಲ’ ಎಂದರು. ಹೊಸ ಪಿಸ್ಟನ್, ಹೊಸ ಸೀಲು, ಎರಡೂ ಬದಿಗೆ ಹೊಸ ಶೂ, ಹೊಸ ಎಣ್ಣೆ. ಮೊದಲು ಸಮತಟ್ಟಿನಲ್ಲಿ ನಿಧಾನ ಓಡಿಸಿ ನೋಡಿ, ಆಮೇಲೆ ಬಾವುಟಗುಡ್ಡೆಯ ಇಳಿಜಾರಿನಲ್ಲಿ ಇಳಿಸಿ ನಿಲ್ಲಿಸಿ ತೋರಿಸಿದರು.

ನಮ್ಮ ಮೊಹಲ್ಲಾಗಳಲ್ಲಿ ಜಗಳಗಳೂ ಹೀಗೇ ಹಿಡಿದುಕೊಳ್ಳುತ್ತವೆ. ಹಿರಿಯರು ಕುಳಿತು, ಜೋರು ಮಾಡಿ, ಇಬ್ಬರ ಕೈ ಕೂಡಿಸಿ ಕಳಿಸುತ್ತಾರೆ. ‘ಟಪ್’ ಎಂಬ ಸದ್ದು ಕೇಳಿದರೆ ಸಾಕು, ಮುಗಿಯಿತು ಎನ್ನುತ್ತೇವೆ. ಒಳಗೆ ಏನು ಕಿತ್ತುಬಂತೆಂದು ಬಿಚ್ಚಿ ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಮುಂದಿನ ಇಳಿಜಾರಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಬೇಕೆಂಬ ಪಾಠ ನಮಗೆಲ್ಲ ಗೊತ್ತು. ಕಾರಿಗೆ ಹ್ಯಾಂಡ್‌ಬ್ರೇಕೇ ಆ ಹಗ್ಗವೆಂದುಕೊಂಡಿದ್ದೇವೆ. ಆದರೆ ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಹಗ್ಗವೇ ಉರುಳಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಬೇಕು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ ಬದಲಿಸಬೇಕು. ವಾರಕ್ಕೊಮ್ಮೆಯಾದರೂ ಓಡಿಸಿ, ನಾಲ್ಕು ಸಲ ಬ್ರೇಕ್ ಒತ್ತಬೇಕು.

ನೆರೆಯವರು ದಮ್ಮಾಮಿಗೆ ಮರಳುವಾಗ ಕೀಲಿಯನ್ನು ತಂಗಿಯ ಮಗನ ಕೈಗಿಟ್ಟರು. ಪ್ರತಿ ಜುಮಾಕ್ಕೆ ಅಜ್ಜಿಯನ್ನು ಮಗಳ ಮನೆಗೆ ಬಿಟ್ಟು, ಅದೇ ಕಾರಿನಲ್ಲಿ ಮಸೀದಿಗೆ ಹೋಗಬೇಕೆಂಬುದು ಷರತ್ತು. ಹುಡುಗ ತಪ್ಪಿಸಲಿಲ್ಲ.